ಕಡಪ ಕಲ್ಲಿನ ಕೆಳಗಿನ ಹೊಳೆ

ಜಯನಗರದ ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಕಪ್ಪು ಕಡಪ ಕಲ್ಲಿನ ಚಪ್ಪಡಿ ನೋಡದವರು ಯಾರಿದ್ದಾರೆ? ಅದರ ಮೇಲೆ ನಿಂಬೆಹಣ್ಣು ಕೊಯ್ಯಲು ನಮ್ಮ ಅಮ್ಮಿ ಬಿಡುತ್ತಿರಲಿಲ್ಲ. ಹುಳಿ ಬಿದ್ದಲ್ಲಿ ಬಿಳಿ ಕಲೆ ಉಳಿಯುತ್ತಿತ್ತು. ಆ ಕಲೆಯ ಗುಟ್ಟು ನಮಗೆ ಅರ್ಥವಾದದ್ದು 2024ರ ಬೇಸಿಗೆಯಲ್ಲಿ, ಬೇಲಂ ಗುಹೆಯೊಳಗೆ ನಿಂತಾಗ.

ಬೇಲಂ ಇರುವುದು ಬೆಂಗಳೂರಿನಿಂದ ಸುಮಾರು 270 ಕಿಲೋಮೀಟರ್ ದೂರದಲ್ಲಿ, ಅನಂತಪುರ, ತಾಡಿಪತ್ರಿ ದಾಟಿದ ಮೇಲೆ. 2022ರವರೆಗೆ ಕರ್ನೂಲು ಜಿಲ್ಲೆಗೆ ಸೇರಿತ್ತು, ಈಗ ನಂದ್ಯಾಲಕ್ಕೆ. ಒಂದು ಕಾಲಕ್ಕೆ ನವಾಬರ ಸಂಸ್ಥಾನವಾಗಿದ್ದ, ಈಗ ಮಾವಿನಿಂದ ಹೆಸರಾದ ಬನಗಾನಪಲ್ಲಿ ಅದೇ ಸೀಮೆಯದು. ದಾರಿಯ ಚಹಾದಂಗಡಿಯಲ್ಲಿ ತೆಲುಗಿನ ನಡುವೆ ನಮ್ಮ ದಖನಿ ಕಿವಿಗೆ ಬಿದ್ದಾಗ ಊರು ಬಿಟ್ಟು ಬಂದಂತೆಯೇ ಅನಿಸಲಿಲ್ಲ.

ಗುಹೆ ಎಂದರೆ ಬೆಟ್ಟದ ಹೊಟ್ಟೆ ಎಂದುಕೊಂಡಿದ್ದೆವು. ಇಲ್ಲಿ ಬೆಟ್ಟವೇ ಇಲ್ಲ! ಸಮತಟ್ಟಾದ ಹೊಲಗಳ ನಡುವೆ ಬಾವಿಯಂಥ ಹೊಂಡ, ಅದಕ್ಕೆ ಇಳಿಯಲು ಮೆಟ್ಟಿಲು. ಬೇಲಂ ಎಂಬ ಹೆಸರು 'ಬಿಲ'ದಿಂದ ಬಂತೆನ್ನುತ್ತಾರೆ. ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗುತ್ತದೆ, ಬಿರುಕಿನಲ್ಲಿ ಇಳಿದು ಕಲ್ಲನ್ನು ಕರಗಿಸುತ್ತದೆ. ನಿಂಬೆರಸ ಒಂದು ಗಳಿಗೆಯಲ್ಲಿ ಮಾಡಿದ್ದನ್ನು ಮಳೆ ಲಕ್ಷಾಂತರ ವರ್ಷಗಳಲ್ಲಿ ಮಾಡಿದೆ. ಅಳೆದಿರುವ ಉದ್ದ 3,229 ಮೀಟರ್. ನೋಡುಗರಿಗೆ ತೆರೆದಿರುವುದು ಒಂದೂವರೆ ಕಿಲೋಮೀಟರ್. ಒಳಗೆ ಸೆಕೆ. ಕೊಳವೆಗಳಲ್ಲಿ ಗಾಳಿ ಬಿಡುತ್ತಾರಾದರೂ ಅಂಗಿ ಬೆನ್ನಿಗಂಟುತ್ತದೆ. ಕೋಟಿಲಿಂಗಗಳೆಂದು ಕರೆಯುವ, ಸೂರಿನಿಂದ ಇಳಿಬಿದ್ದ ಕಲ್ಲುಗಳ ಸಾಲು ದಾಟಿ ಕೆಳಗಿಳಿದರೆ ಪಾತಾಳಗಂಗೆ. ಪ್ರವೇಶದ್ವಾರಕ್ಕಿಂತ 46 ಮೀಟರ್ ಆಳದಲ್ಲಿರುವ ಸಣ್ಣ ಹೊಳೆ ಅದು. ಆಗ್ನೇಯದಿಂದ ಬಂದು ವಾಯವ್ಯಕ್ಕೆ ಹರಿದು ಬಂಡೆಯೊಳಗೆ ಮಾಯವಾಗುತ್ತದೆ.

1884ರಲ್ಲಿ ಈ ಗುಹೆಯನ್ನು ದಾಖಲಿಸಿದವನು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಕಂಡವನು. ಆಮೇಲೆ ಸುಮಾರು ನೂರು ವರ್ಷ ಯಾರೂ ಇತ್ತ ತಲೆಹಾಕಿದಂತಿಲ್ಲ. 1982-83ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಬಂದು ನಕ್ಷೆ ಮಾಡಿತು. ಆಂಧ್ರದ ಪ್ರವಾಸೋದ್ಯಮ ನಿಗಮ 1999ರಲ್ಲಿ ಕೈಹಾಕಿ 2002ರಲ್ಲಿ ಬಾಗಿಲು ತೆರೆಯಿತು. ಪುಸ್ತಕಗಳು ಇವರೆಲ್ಲ ಗುಹೆಯನ್ನು 'ಕಂಡುಹಿಡಿದರು' ಎನ್ನುತ್ತವೆ. ಮನೆಬಾಗಿಲಲ್ಲೇ ಅದನ್ನಿಟ್ಟುಕೊಂಡಿದ್ದ ಹಳ್ಳಿಗರಿಗೆ ಈ ಮಾತು ಹೇಗೆ ಕೇಳಿಸುತ್ತದೋ.

ಆದರೆ ಹಳ್ಳಿಗರ ಕಥೆಯೂ ಅಷ್ಟು ಸರಳವಲ್ಲ. 1988ರ ಸುಮಾರಿನವರೆಗೆ ಈ ಗುಹೆ ಸುತ್ತಲಿನವರಿಗೆ ಕಸದ ಗುಂಡಿಯಾಗಿತ್ತು. ಸುಣ್ಣಕಲ್ಲಿನ ನೆಲದಲ್ಲಿ ಇದು ಬರೀ ಅಂದಗೇಡಿನ ಮಾತಲ್ಲ. ಮಣ್ಣು ನೀರನ್ನು ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಮೇಲೆ ಸುರಿದದ್ದರ ರಸ ನೆಟ್ಟಗೆ ಹೊಳೆಗೆ ಸೇರುತ್ತದೆ. ಪಾತಾಳಗಂಗೆ ಬೇಲಂ ಊರಿನ ಬಾವಿಯಲ್ಲಿ ಏಳುತ್ತದೆಂಬುದು ಅಲ್ಲಿಯವರ ನಂಬಿಕೆ. ಹಾಗಿದ್ದರೆ ಅವರು ಸುರಿದದ್ದು ತಮ್ಮ ಕೊಡದೊಳಗೇ. ಕೊನೆಗೆ ಗುಹೆಯನ್ನು ಹಸನು ಮಾಡಲು ಅದೇ ಊರಿನವರು ಕೈಜೋಡಿಸಿದರು.

ಬೀದರಿನಲ್ಲೂ ಹೀಗೇ ಆಗಿತ್ತು. ಬಹಮನಿಗಳ ಕಾಲದಲ್ಲಿ ನೌಬಾದಿನ ನೆಲದಡಿ ಸುರಂಗ ಕೊರೆದು ನೀರು ಹರಿಸಿದರು, ಕರೇಜ್ ಎನ್ನುತ್ತಾರೆ. ಬೇಲಂನಲ್ಲಿ ನೀರು ಕಲ್ಲನ್ನು ಕೊರೆಯಿತು, ಅಲ್ಲಿ ನೀರಿಗಾಗಿ ಮನುಷ್ಯ ಕೊರೆದ. ಅದರ ಗಾಳಿಬಾವಿಗಳಿಗೂ ನಮ್ಮವರು ಕಸ ತುಂಬಿದ್ದರು. ಕಳೆದ ದಶಕದಲ್ಲಷ್ಟೇ ಹೂಳೆತ್ತಿದರು.

ಬಿ.ಟಿ.ಎಂ. ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಹೆಸರಲ್ಲಿ ಕೆರೆ ಉಳಿದಿದೆ. ನಾವು ಬೇಲಂಗೆ ಹೋದ ಬೇಸಿಗೆಯಲ್ಲೇ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು.

ಪಾತಾಳಗಂಗೆಯ ಮುಂದೆ ನಮ್ಮ ಕಿರಿಯ ಮಗಳು ಬಗ್ಗಿ ನೋಡಿ ಕೇಳಿದಳು: ‘ಅಬ್ಬಾ, ಪಾನಿ ಕಾಂ ಜಾತಾ?’ ಗೈಡ್ ಊರ ಬಾವಿಯ ದಿಕ್ಕಿಗೆ ಕೈತೋರಿಸಿದ. ಮೇಲೆ ಬಂದು ಆ ಬಾವಿ ನೋಡೋಣವೆಂದರೆ ಹೊತ್ತು ಮುಳುಗಿತ್ತು, ತಾಡಿಪತ್ರಿಯ ದಾರಿ ಹಿಡಿದೆವು.