ಹುತಾತ್ಮರ ಗೋರಿಯ ಬಳಿ ಊಟ: ಪೀಟರ್ ಬ್ರೌನ್ ವಾದದ ಮರುಪರಿಶೀಲನೆ

ನಾಲ್ಕನೆಯ ಶತಮಾನದ ಕೊನೆಯಲ್ಲಿ ಮಿಲಾನ್‌ನಲ್ಲೂ ಉತ್ತರ ಆಫ್ರಿಕದಲ್ಲೂ ಕ್ರೈಸ್ತರು ಹುತಾತ್ಮರ ಗೋರಿಗಳ ಬಳಿ ಕೂತು ಉಣ್ಣುವುದನ್ನು, ಕುಡಿಯುವುದನ್ನು ಬಿಷಪ್‌ಗಳು ತಡೆದರು. ಏಕೆ ತಡೆದರು ಎಂಬುದಕ್ಕೆ ಪೀಟರ್ ಬ್ರೌನ್ 1981ರಲ್ಲಿ 'ದಿ ಕಲ್ಟ್ ಆಫ್ ದಿ ಸೇಂಟ್ಸ್' ಪುಸ್ತಕದಲ್ಲಿ ಕೊಟ್ಟ ಉತ್ತರವೇ ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತಾಗಿದೆ. ಪ್ರಸ್ತುತ ಲೇಖನ ಆ ಉತ್ತರದ ಅರ್ಧವನ್ನು ಒಪ್ಪುತ್ತದೆ. ಇನ್ನರ್ಧಕ್ಕೆ ಅಗಸ್ಟೀನನ ಒಂದು ಪತ್ರವೇ ಅಡ್ಡಿಯಾಗಿ ನಿಂತಿದೆ ಎಂದು ತೋರಿಸಲು ಯತ್ನಿಸುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಎರಡನೆಯ ಶತಮಾನದಲ್ಲೇ ಸ್ಮಿರ್ನಾದ ಸಭೆಯವರು ಬಿಷಪ್ ಪಾಲಿಕಾರ್ಪ್‌ನ ಎಲುಬುಗಳನ್ನು ಆರಿಸಿಟ್ಟು, ಅವನು ಪ್ರಾಣ ಕೊಟ್ಟ ದಿನವನ್ನೇ ಹುಟ್ಟಿದ ದಿನವೆಂದು ಆಚರಿಸಿದರು. ಮೂರನೆಯ ಶತಮಾನದ ಮೊದಲಲ್ಲಿ ಕಾರ್ತೇಜಿನ ಟರ್ಟುಲಿಯನ್, ಸತ್ತವರಿಗಾಗಿ ವರ್ಷವರ್ಷವೂ ಅರ್ಪಣೆ ಸಲ್ಲಿಸುವುದು ರೂಢಿಯಲ್ಲಿತ್ತೆಂದು ದಾಖಲಿಸಿದ್ದಾನೆ. ರೋಮನ್ನರಿಗೆ ಫೆಬ್ರವರಿ 13ರಿಂದ 21ರವರೆಗೆ ಪರೆಂಟಾಲಿಯಾ ಎಂಬ ಪಿತೃಗಳ ಹಬ್ಬವಿತ್ತು; ಮನೆಯವರು ಗೋರಿಗೆ ಹೋಗಿ ಎಡೆಯಿಡುತ್ತಿದ್ದರು. ಕ್ರೈಸ್ತರಾದವರು ಈ ಪದ್ಧತಿಯನ್ನು ಒಮ್ಮೆಲೇ ಬಿಟ್ಟುಬಿಡಲಿಲ್ಲ. ಇಲ್ಲಿಯವರೆಗೆ ವಿದ್ವಾಂಸರಲ್ಲಿ ಹೇಳಿಕೊಳ್ಳುವಂಥ ಜಗಳವಿಲ್ಲ.

ಜಗಳವಿರುವುದು ನಿಷೇಧದ ಕಾರಣದ ಬಗ್ಗೆ. ಡೇವಿಡ್ ಹ್ಯೂಮ್ 1757ರಲ್ಲಿ ಮಂಡಿಸಿದ ಧರ್ಮದ ಸಹಜ ಇತಿಹಾಸದ ಪ್ರಕಾರ ಓದಿದ ಕೆಲವರ ಶುದ್ಧ ನಂಬಿಕೆ ಮೇಲೆ, ಜನಸಾಮಾನ್ಯರ ಮೂಢನಂಬಿಕೆ ಕೆಳಗೆ. ಸಂತರ ಆರಾಧನೆ ಎಂಬುದು ಕೆಳಗಿನದು ಮೇಲಕ್ಕೆ ಉಕ್ಕಿ ಬಂದದ್ದು. ಬ್ರೌನ್ ಈ ಎರಡಂತಸ್ತಿನ ಕಟ್ಟಡವನ್ನೇ ಕೆಡವಿದರು. ಅವರ ಪ್ರಕಾರ ಕಾದಾಟ ನಡೆದದ್ದು ಪಂಡಿತರಿಗೂ ಪಾಮರರಿಗೂ ಅಲ್ಲ, ಇಬ್ಬರು ಧಣಿಗಳ ನಡುವೆ. ಶ್ರೀಮಂತ ಮನೆತನಗಳು ಹುತಾತ್ಮನನ್ನು ತಮ್ಮ ಸ್ವಂತದವನನ್ನಾಗಿ ಮಾಡಿಕೊಳ್ಳುವ ಅಪಾಯವಿತ್ತು. ಬಿಷಪ್‌ಗಳು ಅವನನ್ನು ಇಡೀ ಸಭೆಗೆ ಸೇರಿದವನೆಂದು ಕಸಿದುಕೊಂಡರು. ಬ್ರೌನ್ ಕೊಡುವ ನಿದರ್ಶನಗಳು ಗಟ್ಟಿಯಾಗಿವೆ. 295ರಲ್ಲಿ ಕೊಲ್ಲಲ್ಪಟ್ಟ ಮ್ಯಾಕ್ಸಿಮಿಲಿಯನ್‌ನ ಶವವನ್ನು ಪೊಂಪೆಯಾನಾ ಎಂಬ ಗಣ್ಯ ಮಹಿಳೆ ಕಾರ್ತೇಜಿಗೆ ತರಿಸಿ ಹುತಾತ್ಮ ಬಿಷಪ್ ಸಿಪ್ರಿಯನ್‌ನ ಗೋರಿಯ ಪಕ್ಕ ಹೂಳಿಸಿದಳು. ಹದಿಮೂರು ದಿನಗಳ ಬಳಿಕ ತೀರಿಕೊಂಡಾಗ ಅವಳಿಗೂ ಅಲ್ಲೇ ಜಾಗ ಸಿಕ್ಕಿತು. ಕಾರ್ತೇಜಿನ ಇನ್ನೊಬ್ಬ ಸಿರಿವಂತೆ ಲೂಸಿಲ್ಲಾ, ಪರಮಪ್ರಸಾದ ಸ್ವೀಕರಿಸುವ ಮುನ್ನ ಹುತಾತ್ಮನೊಬ್ಬನ ಎಲುಬಿಗೆ ಮುತ್ತಿಡುತ್ತಿದ್ದಳೆಂದು ಕೆಸಿಲಿಯನ್‌ನಿಂದ ಬೈಸಿಕೊಂಡಳು. ಮುಂದೆ ಅವನು ಬಿಷಪ್ ಆದಾಗ ಎದುರು ಗುಂಪಿಗೆ ಹಣ ಸುರಿದವಳೂ ಅವಳೇ.

ಆದರೆ ಈ ಎರಡು ನಿದರ್ಶನಗಳಲ್ಲೂ ಊಟವಿಲ್ಲ. ಒಂದು ಹೂಳುವುದಕ್ಕೆ ಸಂಬಂಧಿಸಿದ್ದು, ಇನ್ನೊಂದು ಎಲುಬಿಗೆ. ಗೋರಿಯ ಊಟದ ನಿಷೇಧವನ್ನು ಇದೇ ಸೂತ್ರಕ್ಕೆ ಕಟ್ಟುವ ಮುನ್ನ ನಿಷೇಧಿಸಿದವರ ಮಾತನ್ನು ಕೇಳಬೇಕು.

ಮುಖ್ಯ ಸಾಕ್ಷಿ ಅಗಸ್ಟೀನನ 22ನೆಯ ಪತ್ರ. ಬರೆದದ್ದು ಸುಮಾರು 392ರಲ್ಲಿ, ಅವನಿನ್ನೂ ಹಿಪ್ಪೋದಲ್ಲಿ ಬರಿಯ ಗುರುವಾಗಿದ್ದಾಗ. ಬರೆದದ್ದು ಕಾರ್ತೇಜಿನ ಬಿಷಪ್ ಔರೇಲಿಯಸ್‌ಗೆ. ಸ್ಮಶಾನದ ಕುಡಿತವನ್ನು ತಿಳಿವಳಿಕೆಯಿಲ್ಲದ ಜನ ಹುತಾತ್ಮರಿಗೆ ಗೌರವವೆಂದಷ್ಟೇ ಅಲ್ಲ, ಸತ್ತವರಿಗೆ ಸಮಾಧಾನವೆಂದೂ ನಂಬಿದ್ದಾರೆ ಎಂದು ಅವನು ದೂರುತ್ತಾನೆ. (ಈ ತಾತ್ಸಾರದ ದನಿಯನ್ನು ಓದಿದವರಿಗೆ, ಎರಡಂತಸ್ತಿನ ಕಟ್ಟಡ ಹ್ಯೂಮ್‌ಗಿಂತ ಬಹಳ ಹಳೆಯದು ಎನಿಸದೆ ಇರದು.) ಬಳಿಕ ಅವನು ಕೇಳಿಕೊಳ್ಳುವುದನ್ನು ನಿಧಾನವಾಗಿ ಗಮನಿಸಬೇಕು. ಕೊನೇಪಕ್ಷ ಸಂತರ ಗೋರಿಗಳಿಂದ, ಕೊನೇಪಕ್ಷ ಸಂಸ್ಕಾರಗಳು ನಡೆಯುವ ಸ್ಥಳಗಳಿಂದ, ಪ್ರಾರ್ಥನಾಲಯಗಳಿಂದ ಇದು ತೊಲಗಲಿ ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಪವಿತ್ರ ಸ್ಥಳದಲ್ಲಿ ಹುತಾತ್ಮರ ಗೌರವವೆಂದು ಕರೆಸಿಕೊಳ್ಳುವುದನ್ನು ಖಾಸಗಿಯಾಗಿ ಮಾಡಬೇಡಿ ಎನ್ನಲು ಯಾರಿಗೆ ಬಾಯಿ ಬಂದೀತು?

ಬ್ರೌನ್ ಸೂತ್ರದಲ್ಲಿ ಖಾಸಗಿಯೆಂಬುದು ಸಾರ್ವಜನಿಕವನ್ನು ನುಂಗಲು ಬರುತ್ತದೆ. ಪತ್ರದಲ್ಲಿ ಅಪಾಯದ ದಾರಿ ತಿರುವುಮುರುವಾಗಿದೆ: ಸಾರ್ವಜನಿಕ ಪಾವಿತ್ರ್ಯವೇ ಖಾಸಗಿ ಕುಡಿತಕ್ಕೆ ಪರವಾನಗಿ ಕೊಡುತ್ತಿದೆ. ಇನ್ನು ಮನೆಯವರ ಗೋರಿಗಳ ವಿಚಾರಕ್ಕೆ ಬಂದಾಗ ಅಗಸ್ಟೀನನ ದನಿಯೇ ಮೆತ್ತಗಾಗುತ್ತದೆ. ಸತ್ತವರ ಹೆಸರಿನ ಅರ್ಪಣೆಯಿಂದ ನಿಜಕ್ಕೂ ಉಪಯೋಗವಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅದು ದುಂದಾಗದಿರಲಿ, ಕೇಳಿದವರಿಗೆಲ್ಲ ಬಿಗುಮಾನವಿಲ್ಲದೆ ಸಿಗಲಿ, ಮಾರಾಟಕ್ಕಿಡುವುದು ಬೇಡ, ಹಣ ಕೊಡಬಯಸಿದವರು ಅಲ್ಲೇ ಬಡವರಿಗೆ ಹಂಚಲಿ. ಹೀಗಾದರೆ ತಮ್ಮವರ ನೆನಪನ್ನು ಕೈಬಿಟ್ಟೆವೆಂಬ ಕೊರಗು ಯಾರಿಗೂ ಇರದು. ಪ್ರತಿಸ್ಪರ್ಧಿ ಧಣಿಯನ್ನು ಹೊರದಬ್ಬುವವರು ಹೀಗೆ ಮಾತಾಡುವುದಿಲ್ಲ.

ಎರಿಕ್ ರೆಬಿಯಾರ್ ಅವರ ಸಂಶೋಧನೆಯೂ ಇದಕ್ಕೆ ಒತ್ತಾಸೆಯಾಗಿದೆ. ಸತ್ತವರನ್ನು ನೋಡಿಕೊಳ್ಳುವ ಹೊಣೆಯನ್ನು ಈ ಕಾಲದ ಚರ್ಚ್ ಬಹುಪಾಲು ಕುಟುಂಬಗಳಿಗೇ ಬಿಟ್ಟಿತ್ತೆಂಬುದು 2003ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟವಾದ ಅವರ ಗ್ರಂಥದ ತಿರುಳು.

ಹಾಗಾದರೆ ಹುತಾತ್ಮರ ಗೋರಿಯೊಂದನ್ನೇ ಏಕೆ ಹಿಡಿದರು? ಮೋನಿಕಾಳ ಪ್ರಸಂಗ ಇಲ್ಲಿ ನೆರವಿಗೆ ಬರುತ್ತದೆ. ಮಗ ಅಗಸ್ಟೀನನನ್ನು ಹಿಂಬಾಲಿಸಿ ಮಿಲಾನ್‌ಗೆ ಬಂದ ಆಕೆ, ಆಫ್ರಿಕದ ರೂಢಿಯಂತೆ ಬುಟ್ಟಿಯಲ್ಲಿ ಅಂಬಲಿ, ರೊಟ್ಟಿ, ದ್ರಾಕ್ಷಾರಸ ತುಂಬಿಕೊಂಡು ಸಂತರ ಗೋರಿಗಳಿಗೆ ಹೊರಟಳು. ಬಾಗಿಲು ಕಾಯುವವನು ತಡೆದ. ಆಕೆಯ ಬಳಿ ಇದ್ದದ್ದು ಒಂದೇ ಪುಟ್ಟ ಬಟ್ಟಲು. ನೀರು ಬೆರೆಸಿ ಬೆರೆಸಿ ಸಪ್ಪೆಯಾದ ಅದೇ ದ್ರಾಕ್ಷಾರಸವನ್ನು ಗೋರಿಯಿಂದ ಗೋರಿಗೆ ಒಯ್ದು ಗುಟುಕು ಗುಟುಕಾಗಿ ಹಂಚಿಕೊಳ್ಳುವುದು ಆಕೆಯ ಪದ್ಧತಿ. ಬಿಷಪ್ ಆಂಬ್ರೋಸ್‌ನ ನಿಷೇಧಕ್ಕೆ 'ಕನ್ಫೆಷನ್ಸ್' ಕೊಡುವ ಕಾರಣಗಳು ಎರಡು: ಕುಡುಕರಿಗೆ ನೆಪವಾಗಬಾರದು, ಈ ಆಚರಣೆ ಪರೆಂಟಾಲಿಯಾವನ್ನು ತೀರಾ ಹೋಲುತ್ತಿತ್ತು. ಮೊದಲನೆಯದು ಮೋನಿಕಾಳಿಗೆ ಅನ್ವಯಿಸುವುದೇ ಇಲ್ಲ. ಎರಡನೆಯದರಲ್ಲೇ ವಿಷಯ ಅಡಗಿದೆ. ತೀರಿಕೊಂಡ ಅಪ್ಪನಿಗೆ ಸಲ್ಲುವ ಎಡೆಯನ್ನೇ ಹುತಾತ್ಮನಿಗೂ ಇಟ್ಟರೆ ಹುತಾತ್ಮನೂ ಮನೆಯ ಸತ್ತವರಲ್ಲಿ ಒಬ್ಬನಾದ ಹಾಗೆ.

ಅಗಸ್ಟೀನನ ಪ್ರವಚನವೊಂದು ಈ ಗೆರೆಯನ್ನು ಬಿಚ್ಚಿ ಹೇಳುತ್ತದೆ. ಬಲಿಪೀಠದ ಬಳಿ ಸತ್ತ ಇತರರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸುತ್ತೇವೆ. ಹುತಾತ್ಮನಿಗಾಗಿ ಪ್ರಾರ್ಥಿಸಿದರೆ ಅವನಿಗೇ ಅವಮಾನ, ನಮಗಾಗಿ ಪ್ರಾರ್ಥಿಸಬೇಕಾದವನು ಅವನು. ಊಟಕ್ಕೆ ಈ ಭೇದವನ್ನು ತೋರಿಸುವ ಶಕ್ತಿಯಿಲ್ಲ. ಹಾಗಾಗಿ ನಿಷೇಧದ ಹಿಂದಿನ ಒತ್ತಡಗಳಲ್ಲಿ ಒಂದು, ಪ್ರಾಯಶಃ ಅಗಸ್ಟೀನನ ಮಟ್ಟಿಗೆ ಮುಖ್ಯವಾದದ್ದು, ಸಂತರನ್ನೂ ಸಾಮಾನ್ಯ ಮೃತರನ್ನೂ ಬೇರೆಬೇರೆ ಪಂಕ್ತಿಯಲ್ಲಿ ಕೂರಿಸುವ ಅಗತ್ಯವಾಗಿತ್ತು ಎಂಬುದು ಈ ಲೇಖನದ ಸೂಚನೆ. ಇದು ಸೂಚನೆ ಮಾತ್ರ. ಆಂಬ್ರೋಸ್‌ನ ಉದ್ದೇಶವನ್ನು ನಾವು ಅಗಸ್ಟೀನನ ಕಣ್ಣಿನಿಂದ ನೋಡುತ್ತಿದ್ದೇವೆ. ಜೊತೆಗೆ, ಪ್ರವಚನದ ಸ್ಪಷ್ಟತೆ 392ರಲ್ಲೇ ಅವನಿಗಿತ್ತೆಂದು ಪತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಬ್ರೌನ್ ಪರವಾಗಿ ಒಂದು ಆಕ್ಷೇಪವನ್ನು ಎತ್ತಬಹುದು: ಧಣಿಗಳ ಪೈಪೋಟಿಯನ್ನು ಬಿಷಪ್‌ಗಳು ತಮ್ಮ ಪತ್ರಗಳಲ್ಲಿ ಒಪ್ಪಿಕೊಳ್ಳುತ್ತಾರೆಯೇ? ನ್ಯಾಯವಾದ ಮಾತು. ಆದರೆ ರೋಮ್‌ನಲ್ಲಿ 396ರ ಸುಮಾರಿಗೆ ಸೆನೆಟರ್ ಪಮ್ಮಾಕಿಯಸ್ ತನ್ನ ಹೆಂಡತಿ ಪೌಲಿನಾಳ ನೆನಪಿಗೆ ಸಂತ ಪೇತ್ರರ ಮಹಾಲಯದಲ್ಲೇ ಬಡವರಿಗೆ ಊಟ ಹಾಕಿಸಿದ. ಮನೆತನದ ದುಃಖ, ಹಣದ ಬಲ, ಪ್ರೇಷಿತನ ಗೋರಿ, ಊಟ — ಬ್ರೌನ್ ಪಟ್ಟಿಯಲ್ಲಿರುವುದೆಲ್ಲ ಅಲ್ಲಿತ್ತು. ನೋಲಾದ ಪೌಲಿನಸ್ ಅದನ್ನು ಖಂಡಿಸಲಿಲ್ಲ, ಉದ್ದನೆಯ ಪತ್ರ ಬರೆದು ಹೊಗಳಿದ. ಪೌಲಿನಸ್ ಸ್ವತಃ ಸೆನೆಟರ್ ಮನೆತನದವನು, ಆಗಿನ್ನೂ ಬಿಷಪ್ ಆಗಿರಲಿಲ್ಲ. ಅವನ ಮಾತನ್ನು ಆಫ್ರಿಕಕ್ಕೆ ನೇರವಾಗಿ ಒಯ್ಯಲಾಗದು. ಆದರೂ ಶ್ರೀಮಂತನ ಹಸ್ತ ಕಂಡಾಕ್ಷಣ ಚರ್ಚಿನವರು ಬೆದರುತ್ತಿದ್ದರು ಎಂಬ ಚಿತ್ರ ಇದರಿಂದ ಸಡಿಲವಾಗುತ್ತದೆ.

ಜನರು ಈ ಗೆರೆಯನ್ನು ಒಪ್ಪಿದರೇ ಎಂಬುದು ಬೇರೆಯೇ ಪ್ರಶ್ನೆ. ರೋಮ್‌ನ ಆಪಿಯನ್ ರಸ್ತೆಯಲ್ಲಿ, ಸಂತ ಸೆಬಾಸ್ಟಿಯನ್ ದೇವಾಲಯದ ಅಡಿಯಲ್ಲಿ ಸಿಕ್ಕ ಭೋಜನ ಮಂಟಪದ ಗೋಡೆಯ ಮೇಲೆ ನೂರಾರು ಗೀಚುಬರಹಗಳಿವೆ. ಪೇತ್ರ–ಪೌಲರ ಹೆಸರಿನಲ್ಲಿ ಊಟ ಮಾಡಿದೆವೆಂದು ಬರೆದವರೂ, ನಮಗಾಗಿ ಬೇಡಿಕೊಳ್ಳಿ ಎಂದು ಅವರನ್ನು ಕೇಳಿದವರೂ ಒಂದೇ ಗೋಡೆಯನ್ನು ಹಂಚಿಕೊಂಡಿದ್ದಾರೆ. ಉಂಡವರಿಗೆ ಎರಡರ ನಡುವೆ ವಿರೋಧ ಕಂಡಿರಲಿಲ್ಲ. ಆಲ್ಜೀರಿಯದ ಟಿಪಾಸಾದಲ್ಲಿ ಗೋರಿಗೆ ಸೇರಿಸಿಯೇ ಕಟ್ಟಿದ ಊಟದ ಕಟ್ಟೆಯೊಂದಿದೆ. ಅದರ ಮೊಸಾಯಿಕ್‌ನಲ್ಲಿ ಮೀನುಗಳು ಈಜುತ್ತವೆ, ನಡುವಿನ ಬರಹ ಪಂಕ್ತಿಗೆ ದೇವರಲ್ಲಿ ಶಾಂತಿ, ಸೌಹಾರ್ದ ಕೋರುತ್ತದೆ. 299ರ ಸತಾಫಿಸ್ ಶಾಸನದಲ್ಲಿ ಏಲಿಯಾ ಸೆಕುಂಡುಲಾಳ ಮಕ್ಕಳು ತಾಯಿಯ ಗೋರಿಗೆ ಕಲ್ಲಿನ ಮೇಜು ಮಾಡಿಸಿ, ಹೊತ್ತು ಮೀರುವವರೆಗೂ ಆಕೆಯ ಗುಣಗಾನ ಮಾಡುತ್ತಾ ಕೂತದ್ದನ್ನು ಹೇಳಿಕೊಂಡಿದ್ದಾರೆ. ಅವರು ಕ್ರೈಸ್ತರೇ ಎಂಬುದರ ಬಗ್ಗೆ ಒಮ್ಮತವಿಲ್ಲ. ಬಹುಪಾಲು ಕ್ರೈಸ್ತರ ಧರ್ಮ ನಡೆದದ್ದು ಸ್ಮಶಾನದಲ್ಲಿ ಎಂಬ ರ‍್ಯಾಮ್ಸೇ ಮ್ಯಾಕ್‌ಮಲನ್ ಅವರ 2009ರ ವಾದ ಅತಿಯಾಯಿತೆನಿಸಿದರೂ, ಇಂಥ ಕಲ್ಲುಗಳ ಮುಂದೆ ಅದನ್ನು ಸುಮ್ಮನೆ ತಳ್ಳಿಹಾಕಲಾಗದು. 395ರಲ್ಲಿ ಹಿಪ್ಪೋದ ಲಿಯಾಂಟಿಯಸ್ ಹಬ್ಬದ ಕುಡಿತವನ್ನು ಅಗಸ್ಟೀನ್ ನಿಲ್ಲಿಸಿದಾಗ, ಇಷ್ಟು ದಿನ ಇಲ್ಲದ್ದು ಈಗೇಕೆ ಎಂದು ಜನ ಗೊಣಗಿದರು; ಅದೇ ದಿನ, ಕೆಸಿಲಿಯನ್‌ನನ್ನು ವಿರೋಧಿಸಿ ಬೇರೆಯಾದ ಡೊನಾಟಿಸ್ಟರ ದೇವಾಲಯದಿಂದ ಹಬ್ಬದೂಟದ ಗದ್ದಲ ಕೇಳಿಬರುತ್ತಿತ್ತು.

ನವೆಂಬರ್ 1ಕ್ಕೆ ಸಕಲ ಸಂತರು, 2ಕ್ಕೆ ಸಕಲ ಮೃತರು ಎಂದು ಮಂಗಳೂರಿನ ಕಥೋಲಿಕರೂ ಪಾಲಿಸುವ ಜೋಡಿ ದಿನಗಳನ್ನು ಇದೇ ಗೆರೆಯ ಫಲವೆನ್ನುವ ಆಸೆ ಯಾರಿಗಾದರೂ ಆದೀತು. ಎರಡನೆಯದನ್ನು ಕ್ಲೂನಿ ಮಠದ ಓಡಿಲೋ ನೆಲೆಗೊಳಿಸಿದ್ದು ಅಗಸ್ಟೀನನಿಗಿಂತ ಸುಮಾರು ಆರು ಶತಮಾನ ಈಚೆಗೆ. ನಡುವಿನ ಕೊಂಡಿಗಳನ್ನು ಒಂದೊಂದಾಗಿ ತೋರಿಸದೆ ಹಾಗೆ ಹೇಳುವಂತಿಲ್ಲ. ಅದಕ್ಕಿಂತ ಹತ್ತಿರದ ಕೆಲಸವೇ ಬಾಕಿಯಿದೆ. 393ರ ಹಿಪ್ಪೋ ಧರ್ಮಸಭೆ ದೇವಾಲಯದೊಳಗಿನ ಊಟದಿಂದ ಜನರನ್ನು ಆದಷ್ಟು ಮಟ್ಟಿಗೆ ದೂರವಿಡಬೇಕು ಎಂದಷ್ಟೇ ಹೇಳಿತು. ಆ 'ಆದಷ್ಟು' ಯಾವ ಊರಿನಲ್ಲಿ ಎಷ್ಟಾಯಿತೆಂಬುದನ್ನು ಪತ್ರಗಳಿಂದ ಅಳೆಯಲಾಗದು. ಟಿಪಾಸಾ, ಸತಾಫಿಸ್‌ಗಳಿದ್ದ ರೋಮನ್ ಮೌರಿಟೇನಿಯಾದ ಗೋರಿಮೇಜುಗಳನ್ನು ಹುತಾತ್ಮರವು, ಮನೆಯವರವು ಎಂದು ವಿಂಗಡಿಸಿ, ಪ್ರತಿಯೊಂದು ಬಗೆಯದೂ ಬಳಕೆಯಿಂದ ಬಿದ್ದುಹೋದ ಕಾಲವನ್ನು ಹೋಲಿಸಿ ನೋಡಬೇಕು. ಮೊದಲನೆಯವು ಬೇಗ ನಿಂತು ಎರಡನೆಯವು ಮುಂದುವರಿದಿದ್ದರೆ ಇಲ್ಲಿನ ಸೂಚನೆಗೆ ಬಲ ಬರುತ್ತದೆ. ಎರಡೂ ಒಟ್ಟಿಗೇ ನಿಂತಿದ್ದರೆ ಬ್ರೌನ್ ಅವರ ಕಡೆಗೆ ಮತ್ತೆ ತಿರುಗಬೇಕಾಗುತ್ತದೆ.