ಕೊಂದವನಿಗೆ ವಾರಸಿಲ್ಲ

ತಪ್ಪಿಗೆ ದಂಡ ತೆರುವುದು ಒಂದು. ತಪ್ಪಿನಿಂದಾಗಿ ಹಕ್ಕನ್ನೇ ಕಳೆದುಕೊಳ್ಳುವುದು ಇನ್ನೊಂದು. ಮುಂಬಯಿ ಪ್ರಾಂತದ ಕೆಂಚವ್ವ-ಗಿರಿಮಲ್ಲಪ್ಪ ವ್ಯಾಜ್ಯದಲ್ಲಿ 1924ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಕೊಲೆಗಾರನು ತಾನು ಕೊಂದವರ ಆಸ್ತಿಗೆ ವಾರಸುದಾರನಾಗಲಾರನು, ಅವನು ಇಲ್ಲವೆಂದೇ ಎಣಿಸಬೇಕೆಂದು ತೀರ್ಪಿತ್ತಿತು. ಹಿಂದೂ ಶಾಸ್ತ್ರವಚನ ಸಿಗದಿದ್ದರೂ ನ್ಯಾಯಬುದ್ಧಿಯೇ ಇದಕ್ಕೆ ಸಾಕೆಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಇದೇ ನಿಯಮ ಲಿಖಿತವಾಯಿತು.

ಇಸ್ಲಾಮೀ ಶರೀಅತ್‌ನಲ್ಲಿ ಇದಕ್ಕೆ ಹದೀಸಿನ ಆಧಾರವೇ ಇದೆ. ಮಾಲಿಕೀ ಮಝ್‌ಹಬ್‌ನಲ್ಲಿ ಬೇಕೆಂದೇ ಕೊಂದವನು ಮಾತ್ರ ವಾರಸು ಕಳೆದುಕೊಳ್ಳುತ್ತಾನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಹೆಚ್ಚಿನ ಮನೆಗಳು ಅನುಸರಿಸುವ ಹನಫೀ ಫಿಕ್ಹ್ ಇನ್ನೂ ಕಠಿಣ: ಕೈತಪ್ಪಿ ನೇರವಾಗಿ ಕೊಂದವನಿಗೂ ಪಾಲಿಲ್ಲ. ಆದರೆ ಆ ತಪ್ಪು ಅವನ ಮಗನ ಮೇಲೆ ಬೀಳದು. ಸತ್ತವನಿಗೆ ಬೇರೆ ಗಂಡುಮಕ್ಕಳಿಲ್ಲದಿದ್ದರೆ, ತಂದೆ ಕಳೆದುಕೊಂಡ ಹಕ್ಕು ಮೊಮ್ಮಗನಿಗೆ ಅಡ್ಡಿಯಾಗದು; ಅಜ್ಜನ ಆಸ್ತಿಗೆ ಅವನು ವಾರಸುದಾರನೇ.