ಕಲ್ಲು ನೋಡಿ ನೀರು

ಪುಣೆಗೆ ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಕಾತ್ರಜ್ ಎಂದರೆ ಘಾಟಿನ ಟ್ರಾಫಿಕ್ಕು, ಇಲ್ಲವೇ ಹಾವುಗಳ ಉದ್ಯಾನ. 18ನೇ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆ ಅಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಲ್ಲುಗಾರೆಯ ಕಾಲುವೆಯಲ್ಲಿ ನೀರನ್ನು ಶನಿವಾರವಾಡೆಯವರೆಗೆ ತರಿಸಿದ. ಇಳಿಜಾರಿನ ಬಲವೊಂದೇ. ದಾರಿಯುದ್ದಕ್ಕೂ ಪೇಟೆಗಳ ಹೌದುಗಳಲ್ಲಿ ಜನ ಕೊಡ ತುಂಬಿಕೊಳ್ಳುತ್ತಿದ್ದರು.

ವಾಡೆಗಳಲ್ಲಿ ಬಾವಿಗಳೂ ಇದ್ದವು. ಆದರೆ ಅಷ್ಟು ದೊಡ್ಡ ಊರನ್ನು ಬರೀ ಬಾವಿಗಳ ಮೇಲೆ ನಿಲ್ಲಿಸಲು ಇಲ್ಲಿನ ಕಲ್ಲು ಬಿಡುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಆರಿದ ಬಸಾಲ್ಟ್ ಇದು. ಗಟ್ಟಿ ಪದರದಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಶಿಥಿಲಗೊಂಡ ಮೇಲ್ಭಾಗ ಮತ್ತು ಗುಳ್ಳೆಗಳಿರುವ ಪದರಗಳು ತುಸು ಉದಾರಿಗಳು. ಹೊಳೆಯ ಮರಳು ತನ್ನ ಗಾತ್ರದ ಶೇ. 10ರಿಂದ 20ರಷ್ಟು ನೀರು ಬಿಟ್ಟುಕೊಟ್ಟರೆ, ಬಸಾಲ್ಟ್ ಕೊಡುವುದು ಶೇ. 1ರಿಂದ 3. ನಮ್ಮ ಸೊಸೈಟಿಯ ಬೋರು ಒಣಗಿ, ಪಕ್ಕದವರದು ಉಕ್ಕಿದರೆ ಅದು ವಾಸ್ತುದೋಷವಲ್ಲ, ಅವರಿಗೆ ಬಿರುಕು ಸಿಕ್ಕಿದೆ ಅಷ್ಟೇ.

ಇದೇ ಬಸಾಲ್ಟು ಬೀದರಿನ ಕೆಳಗೂ ಇದೆ. ಅಲ್ಲಿ ಅದರ ತಲೆಯ ಮೇಲೆ ತೂತುತೂತಾದ ಜಂಬಿಟ್ಟಿಗೆ ಕಲ್ಲಿನ ಹೊದಿಕೆ. ಮಳೆ ಅದರಲ್ಲಿ ಇಂಗಿ, ಕೆಳಗಿನ ಜೇಡಿ ಮತ್ತು ಬಸಾಲ್ಟಿನ ಮೇಲೆ ತಡೆದು ನಿಂತು, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ ಎರಡೂ ಹೀಗೆ ಹುಟ್ಟಿದವು. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯದಿಂದ ಬಂದ ಕರೇಜ್ ವಿದ್ಯೆಯಿಂದ ನೌಬಾದಿನಲ್ಲಿ ಸುರಂಗ ಕೊರೆದವರು ಈ ತಡೆದು ನಿಂತ ನೀರನ್ನೇ ಹಿಡಿದರು. (ಕಾಸರಗೋಡಿನ ಅಡಿಕೆ ತೋಟಗಳ ಸುರಂಗಗಳೂ ಇಂಥ ಕೆಂಪು ಕಲ್ಲಿನವೇ.) ಅಲ್ಲಿ ಬೆಟ್ಟವೇ ತೊಟ್ಟಿ. ಪುಣೆಯಲ್ಲಿ ತೊಟ್ಟಿಯನ್ನು ಕಟ್ಟಬೇಕಾಯಿತು. ಪೇಶ್ವೆಯ ಕೆಲಸ ಚಂದ, ಆದರೆ ನನಗೆ ಬೀದರಿನವರೇ ಹೆಚ್ಚು ಜಾಣರೆನಿಸುತ್ತಾರೆ. ಪಾತ್ರೆಯನ್ನು ಮಾಡುವ ಬದಲು ಹುಡುಕಿಕೊಂಡರು.

1972ರ ಬರದ ನಂತರ ಮಹಾರಾಷ್ಟ್ರದಲ್ಲಿ ಕೊಳವೆಬಾವಿ ಹೆಚ್ಚುತ್ತ ಹೋಯಿತು. ಆ ಯಂತ್ರಕ್ಕೆ ಕಲ್ಲಿನ ಗುರುತು ಬೇಕಿಲ್ಲ. ನಾಲ್ಕಾರು ಪದರಗಳನ್ನು ಒಂದೇ ತೂತಿನಲ್ಲಿ ದಾಟುತ್ತದೆ. ಕೇಸಿಂಗ್ ಸರಿಯಿಲ್ಲದಿದ್ದರೆ ಮೇಲಿನ ಪದರದ ನೀರು ಸದ್ದಿಲ್ಲದೆ ಕೆಳಕ್ಕೆ ಸೋರುತ್ತದೆ. ಈಗ ಇನ್ನೊಂದು ಸೇರಿದೆ. ಎರಡು ಮೂರು ಅಂತಸ್ತಿನ ಪಾರ್ಕಿಂಗಿಗೆ ಅಗೆಯುವಾಗ ನಾವು ಕಿತ್ತು ಲಾರಿಗೆ ತುಂಬುವುದು ಆ ಉದಾರಿ ಮೇಲ್ಪದರವನ್ನೇ. ಗುಂಡಿಗೆ ಒಸರುವ ನೀರನ್ನು ತಿಂಗಳುಗಟ್ಟಲೆ ಪಂಪು ಹಚ್ಚಿ ಚರಂಡಿಗೆ ಬಿಡುತ್ತಾರೆ. ಅದು ಸುತ್ತಲಿನ ಬಾವಿಗಳ ನೀರು. ಅದೇ ಬೀದಿಯಲ್ಲಿ ಬೆಳಗ್ಗೆ ಟ್ಯಾಂಕರಿಗೆ ಸರದಿ.